ಎಡಗಡೆಯ ಸ್ಪೀಕರು

ತನ್ನ ಕಿವಿಗಳ ಅಚ್ಚು ತೆಗೆದು ಪರಶಿವ ಮನೆಯಲ್ಲೇ ಮಾಡಿಕೊಂಡ ಇಯರ್‌ಫೋನಿನಲ್ಲಿ ಎಡಗಡೆಯದು ಸಣ್ಣಗೆ ಕೇಳುತ್ತಿತ್ತು. ನಾಳೆಯ ಆರ್ಕೆಸ್ಟ್ರಾಕ್ಕೆ ಸೌಂಡ್ ಮಿಕ್ಸ್ ಮಾಡಲು ಅವನಿಗೆ ಇದೇ ಬೇಕಿತ್ತು. ವೈರು ಬದಲಾಯಿಸಿದ, ಬೇರೆ ಫೋನಿಗೆ ಸಿಕ್ಕಿಸಿ ನೋಡಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಪ್ರಯೋಜನವಾಗಲಿಲ್ಲ.

“ಕೊಡಿ ಇಲ್ಲಿ, ನಾನೊಂದ್ಸಲ ಕೇಳಿ ಹೇಳ್ತೀನಿ,” ಎಂದಳು ಹೆಂಡತಿ ಚಂದ್ರಿಕಾ.

“ನಿನ್ನ ಕಿವೀಲಿ ಇದು ಕೂರಲ್ಲ ಕಣೇ. ಎಡಗಡೇದು ನನ್ನ ಬಲಗಿವಿಗೇ ಹೋಗಲ್ಲ.”

“ಚೆನ್ನಾಗಿದೆ! ಮಾಡಿದೋರೂ ನೀವೇ, ಕೇಳೋರೂ ನೀವೇ. ಬೈಸಿಕೊಳ್ಳೋದು ಮಾತ್ರ ಪಾಪ ಆ ಸ್ಪೀಕರು.”

ಅವನಿಗೆ ನಗು ಬರಲಿಲ್ಲ. ಪರಶಿವನ ಕಿವಿ ದಾಟಿ ಬಂದ ಹಾಡು ಕೆಡುವುದಿಲ್ಲ ಎಂದು ಆರ್ಕೆಸ್ಟ್ರಾದವರು ಊರೂರಿಗೂ ಅವನನ್ನೇ ಕರೆದೊಯ್ಯುತ್ತಿದ್ದರು. ಆ ಹೆಸರೇ ಅವನ ಅನ್ನ. ಇನ್ನು ಉಳಿದದ್ದು ಒಂದೇ ಪರೀಕ್ಷೆ. ಕಿವಿಯ ಅಚ್ಚಿನ ಎರಡೂ ಚಿಪ್ಪುಗಳನ್ನು ಬಿಚ್ಚಿ, ಎಡದ ಸ್ಪೀಕರನ್ನೂ ದನಿ ಸಾಗುವ ಅದರ ಕೊಳವೆಯನ್ನೂ ಬಲದ ಚಿಪ್ಪಿನೊಳಗೆ, ಬಲದವನ್ನು ಎಡದೊಳಗೆ ಕೂರಿಸಿದ. ದೋಷ ಸ್ಪೀಕರಿನದೇ ಆಗಿದ್ದರೆ ಈಗ ಬಲಗಡೆ ಸಣ್ಣಗೆ ಕೇಳಬೇಕು.

ಹಾಕಿಕೊಂಡು ಹಾಡು ಹಾಕಿದ. ಬಲಗಡೆ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿತು. ಎಡಗಡೆ ಮತ್ತೆ ಅದೇ ಸಣ್ಣ ದನಿ.

ಹಾಡು ನಿಲ್ಲಿಸಿ, ಎಡಗಡೆಯದನ್ನಷ್ಟೇ ಕಿವಿಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಕೂತ. ಎಡಪಕ್ಕದಲ್ಲಿ ನಿಂತಿದ್ದ ಚಂದ್ರಿಕಾ ಭುಜ ಹಿಡಿದು ಅಲುಗಿಸಿದಾಗಲೇ ತಿರುಗಿ ನೋಡಿದ.

“ಮೂರು ಸಲ ಕೇಳಿದ್ನಲ್ರೀ, ಸರಿಹೋಯ್ತಾ ಅಂತ?”