ಯಾವ ತುಂಡು ಮೊದಲು

ಮೊಮ್ಮಗನ ನೆತ್ತಿಗೆ ನೀರೆರೆಯಲು ಎತ್ತಿದ ಬೋಗುಣಿ ಹಿಲ್ಡ್‌ಗರ್ ಮುದುಕನ ಕೈಯಲ್ಲಿ ಅರ್ಧಕ್ಕೇ ನಿಂತಿತು. ಅಪ್ಪನ ಹೆಸರಿನದೊಂದು ತುಂಡು, ಅಮ್ಮನ ಹೆಸರಿನದೊಂದು ತುಂಡು ಸೇರಿಸಿ ಮಗುವಿಗೆ ಹೆಸರಿಡುವುದು ವೇಸರ್ ಹೊಳೆಯ ದಂಡೆಯ ಮನೆಗಳ ಪದ್ಧತಿ. ಯಾವ ತುಂಡು ಮುಂದೆ ಅನ್ನುವುದೇ ಈಗ ಜಗಳ.

"ನಮ್ಮ ಮನೆಯ 'ಹಿಲ್ಡ್' ಮೊದಲು. ಹಿಲ್ಡ್ ಅಂದ್ರೆ ಕಾಳಗ. ಗಂಡುಮಗು ಕಣಯ್ಯಾ!" ಎಂದ ಮುದುಕ.

"ನಮ್ಮ 'ಫ್ರಿಡ್' ಮೊದಲು. ಫ್ರಿಡ್ ಅಂದ್ರೆ ಶಾಂತಿ. ನಮ್ಮೆರಡು ಮನೆಗಳ ಹೊಡೆದಾಟ ನಿಲ್ಲಲಿ ಅಂತ ತಾನೇ ಮಗಳನ್ನ ನಿಮ್ಮನೆಗೆ ಕೊಟ್ಟಿದ್ದು? ಹಿಂದಕ್ಕೆ ತಳ್ಳೋಕಾ?" ಬೀಗ ಫ್ರಿಡುಮಾರನ ಕೈ ಸೊಂಟದ ಚೂರಿಗೆ ಹೋಯಿತು.

ಬಾಣಂತಿ ಫ್ರಿಡ್‌ಲಿಂಡ್ ಗಂಡನ ಮುಖ ನೋಡಿದಳು. ಅವನು ಬೆಂಕಿ ಕೆದಕುವುದರಲ್ಲೇ ಮುಳುಗಿದ್ದ. ಅವಳೇ ಎದ್ದು ಬಂದು ಮಗುವನ್ನು ಮುದುಕನ ಮುಂದೆ ಹಿಡಿದಳು.

"ಹಿಲ್ಡೇ ಮೊದಲಿರಲಿ ಮಾವಾ. ಹಿಲ್ಡೆಫ್ರಿಡ್ ಅನ್ನಿ."

"ಗಂಡನ ಮನೆ ಸೇರಿದ್ದೇ ತವರು ಮರೆತೋಯ್ತೇನೇ?" ಅಪ್ಪ ಸಿಡುಕಿದ.

"ಮರೆತಿಲ್ಲಪ್ಪಾ. ಕಾಳಗ ಮೊದಲೇ ಆಗಿಹೋಯ್ತಲ್ಲ. ನಮ್ಮಣ್ಣನ್ನ ತಿಂತು, ಇವರ ತಮ್ಮನ್ನ ತಿಂತು. ಅದರ ಹಿಂದೆ ಶಾಂತಿ ಬರದೆ ಇನ್ನೇನು ಬರಬೇಕು?"

"ಹಿಲ್ಡೆಫ್ರಿಡ್" ಎಂದು ಮುದುಕ ಬಾಯೊಳಗೇ ಹೇಳಿ ನೋಡಿಕೊಂಡ. ಆಮೇಲೆ ಬೋಗುಣಿಯನ್ನು ಬೀಗನತ್ತ ಚಾಚಿದ. "ನೀನೂ ಹಿಡ್ಕೊಳ್ಳಯ್ಯಾ, ಇಬ್ಬರೂ ಸೇರಿ ಹುಯ್ಯೋಣ."

ಅಗಲದ ಬೋಗುಣಿ, ಹಿಡಿಯಲು ಎರಡೂ ಕೈ ಬೇಕಿತ್ತು. ಫ್ರಿಡುಮಾರನ ಕೈ ಚೂರಿ ಬಿಟ್ಟಿತು.