ಪಿಂಟು ಕಲಿತ ಒಂದೇ ಮಾತು

ನಾಯಿ ಕಂಡರೆ ಮಾರು ದೂರ ಸರಿಯುವವಳು ನಾನು... ಆದರೂ ಈ ನಾಯಿಯ ಕಥೆ ನಾಲ್ಕು ಜನಕ್ಕೆ ತಲುಪಲಿ ಅಂತ ಬರೆಯುತ್ತಿದ್ದೇನೆ. ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು.

ನಮ್ಮದು ಮಂಡ್ಯದ ಒಂದು ಬಡಾವಣೆ. ಎದುರುಮನೆಯಲ್ಲಿ ಹೊನ್ನೇಗೌಡ ಮೇಷ್ಟ್ರು ಮತ್ತು ಅವರ ಹೆಂಡತಿ ಪ್ರಮೀಳಕ್ಕ.

ಮೇಷ್ಟ್ರು ಹೈಸ್ಕೂಲಿನಲ್ಲಿ ಪಿ.ಟಿ. ಮಾಡಿಸುತ್ತಿದ್ದವರು. ರಿಟೈರ್ ಆದ ಮೇಲೂ ಬೆಳಗ್ಗೆ ಎದ್ದು ಓಡುತ್ತಿದ್ದರು. ಹುಡುಗರೇ ನಾಚಬೇಕು, ಹಾಗಿತ್ತು ಆ ಓಟ...

ಹೋದ ವರ್ಷ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಸೋತವು.

ದಿನಾ ನಡೆಯಲೇಬೇಕು, ಕೂತುಬಿಟ್ಟರೆ ಕಾಲು ಪೂರ್ತಿ ಕೈಬಿಡುತ್ತದೆ ಅಂತ ಡಾಕ್ಟರು ಹೇಳಿದರು. ಆದರೆ ಮೇಷ್ಟ್ರು ಗೇಟು ದಾಟಲಿಲ್ಲ. ಪ್ರಮೀಳಕ್ಕ ಬೇಡಿಕೊಂಡರು, ಬೈದರು, ಹರಕೆ ಹೊತ್ತರು... ಊಹೂಂ.

ಕೊನೆಗೆ ಪ್ರಮೀಳಕ್ಕನ ತಮ್ಮ ಒಂದು ಲ್ಯಾಬ್ರಡಾರ್ ತಂದು ಬಿಟ್ಟ. ನಾಯಿಯ ನೆಪದಲ್ಲಾದರೂ ಭಾವ ಹೊರಗೆ ಬರಲಿ ಅಂತ ಅವನ ಆಸೆ. ಅದೇ ಪಿಂಟು.

ಅಯ್ಯೋ, ಆ ಪಿಂಟು... ಚೈನು ಕೈಗೆತ್ತಿಕೊಂಡರೆ ಸಾಕು, ಮೈಮೇಲೆ ದೇವರು ಬಂದ ಹಾಗೆ ಕುಣಿತ. ಗೇಟು ತೆಗೆದರೆ ಕೇಳುವುದೇ ಬೇಡ. ಬೆಕ್ಕು ಕಂಡರೂ ಎಳೆತ, ಹಾಲಿನವನ ಬೈಕ್ ಕಂಡರೂ ಎಳೆತ, ಏನೂ ಕಾಣದಿದ್ದರೂ ಎಳೆತ.

ಇಂಥದ್ದರ ಚೈನು ಹಿಡಿದರೆ ಮೇಷ್ಟ್ರು ಮೂಳೆ ಮುರಿದುಕೊಳ್ಳುವುದು ಗ್ಯಾರಂಟಿ. ಅದಕ್ಕೇ ಮೊದಲು ತಾನೇ ಪಳಗಿಸುತ್ತೇನೆ ಅಂತ ಪ್ರಮೀಳಕ್ಕ ಟೊಂಕ ಕಟ್ಟಿದರು.

ಮುಂದೆ ಪಿಂಟು, ಹಿಂದೆ ಏದುಸಿರು ಬಿಡುತ್ತಾ ಪ್ರಮೀಳಕ್ಕ. ಬೀದಿಗೆಲ್ಲ ಕೇಳುವಂತೆ ಒಂದೇ ಕೂಗು... "ನಿಧಾನ, ಪಿಂಟು, ನಿಧಾನ!"

ಇಬ್ಬರೂ ಸೇರಿ ನನ್ನ ರಂಗೋಲಿಯನ್ನು ಎಷ್ಟು ಸಲ ಹಾಳು ಮಾಡಿದರೋ ಲೆಕ್ಕ ಇಲ್ಲ. ನನಗೂ ಪಿತ್ತ ನೆತ್ತಿಗೇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬಿಸ್ಕತ್ತು ಕೊಟ್ಟು ನೋಡಿದರು... ತಿಂದು ಎಳೆಯಿತು. ಯೂಟ್ಯೂಬ್ ನೋಡಿ ಹೊಸ ಬೆಲ್ಟ್ ತರಿಸಿದರು... ಅದನ್ನು ಹಾಕಿಸಿಕೊಂಡು ಇನ್ನೂ ಜೋರಾಗಿ ಎಳೆಯಿತು.

ಪ್ರಮೀಳಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಂದು ದಿನ ನಮ್ಮ ಜಗಲಿ ಮೇಲೆ ಕುಸಿದು ಕೂತರು. ಭಾನುವಾರ ತಮ್ಮನ ಮನೆಗೇ ವಾಪಸ್ ಕಳಿಸುತ್ತೇನೆ, ಇದೂ ಕಲಿಯಲ್ಲ, ಅವರೂ ಎದ್ದು ಬರಲ್ಲ, ನನಗೆ ಸಾಕಾಗಿ ಹೋಗಿದೆ ಅಂದರು. ನಾನೂ ಕಳಿಸಿಬಿಡಿ ಅಂದೆ.

ಆ ಭಾನುವಾರ ಬೆಳಗ್ಗೆ... ಪ್ರಮೀಳಕ್ಕ ಚೈನು ಹಿಡಿದು ತಮ್ಮನ ಆಟೋಗೆ ಕಾಯುತ್ತಾ ಗೇಟಿನ ಹೊರಗೆ ನಿಂತಿದ್ದರು. ಪಿಂಟು ಅಪರೂಪಕ್ಕೆ ತೆಪ್ಪಗೆ ಕೂತಿತ್ತು.

ಆಗ ಮೇಷ್ಟ್ರು ಬಾಗಿಲಿಗೆ ಬಂದರು. ನಾಯಿಯನ್ನು ಕೊನೇ ಸಲ ನೋಡಬೇಕು ಅನಿಸಿರಬೇಕು. ಗೋಡೆ ಹಿಡಿದು ಮೆಟ್ಟಿಲಿಗೆ ಕಾಲಿಟ್ಟರು.

ಪ್ರಮೀಳಕ್ಕ ಗಾಬರಿಯಿಂದ ಕೂಗಿದರು. "ನಿಧಾನ ರೀ, ನಿಧಾನ!"

ಅಷ್ಟೇ... ಪಿಂಟು ಬಾಣದ ಹಾಗೆ ಚಿಮ್ಮಿತು. ಚೈನು ಕೈಜಾರಿ ಪ್ರಮೀಳಕ್ಕ ರಸ್ತೆ ಮೇಲೆ ಮೊಣಕಾಲೂರಿ ಬಿದ್ದರು.

ನಾನು ಓಡಿಹೋದೆ. ಅವರು ಏಳಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟರು. ಎಷ್ಟು ದಿನದ ಅಳುವೋ...

ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಪಿಂಟುವನ್ನೇ ದಿಟ್ಟಿಸುತ್ತಿದ್ದರು. ಅದು ವಾಪಸ್ ಬಂದು ಪ್ರಮೀಳಕ್ಕನ ಮುಖ ನೆಕ್ಕುತ್ತಿತ್ತು. ಮೇಷ್ಟ್ರು ಮೆಲ್ಲಗೆ ಅಂದರು... "ಪಿಂಟು, ನಿಧಾನ."

ಪಿಂಟು ಮತ್ತೆ ನೆಗೆಯಿತು.

ಸ್ಟ್ರೋಕ್ ಆದ ಮೇಲೆ ಮೇಷ್ಟ್ರ ಮಾತು ತೊದಲು. ಆದರೂ ಅವತ್ತು ಬಿಡಿಸಿ ಬಿಡಿಸಿ ಹೇಳಿದರು.

"ಅದ್ರದ್ದೇನೂ ತಪ್ಪಿಲ್ಲ ಕಣಮ್ಮಿ. ಅದು ಎಳೆದಾಗ್ಲೆಲ್ಲ ನೀನು ನಿಧಾನ ಅಂತೀಯ, ಅಂದ್ಕೊಂಡು ಅದ್ರ ಹಿಂದೇನೇ ಓಡ್ತೀಯ. ನಿಧಾನ ಅಂದ್ರೆ ಓಡೋದು ಅಂತ ಕಲ್ತದೆ."

ನನಗೆ ನಗು ಬಂತು. ಆದರೆ ಮೇಷ್ಟ್ರು ನಗಲಿಲ್ಲ.

"ನಂಗೂ ಹಂಗೇಯ... ನಾನು ಎದ್ದಾಗ್ಲೆಲ್ಲ ನಿಧಾನ, ನಿಧಾನ ಅಂತೀಯ. ನಿನ್ ಕೈಲಿ ಇನ್ನು ಆಗಲ್ಲ ಅಂದಂಗೆ ಕೇಳ್ತದೆ ನಂಗೆ."

ಪ್ರಮೀಳಕ್ಕನ ಅಳು ನಿಂತೇ ಹೋಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು... "ಆಗಲ್ಲ ಅಂತಲ್ಲ ಕಣ್ರೀ. ನೀವು ಬಿದ್ದೋದ್ರೆ ನಾನ್ ಏನ್ ಮಾಡ್ಲಿ ಅಂತ ಭಯ."

ಒಂದು ವರ್ಷದಿಂದ ಒಂದೇ ಮನೆಯಲ್ಲಿದ್ದು ಆಡದೇ ಉಳಿದ ಮಾತು ಅದು. ಆಟೋ ಬಂತು, ಖಾಲಿ ಹೋಯಿತು.

ಮರುದಿನದಿಂದ ಬೀದಿಯಲ್ಲಿ ಕೂಗಾಟವಿಲ್ಲ. ಪಿಂಟು ಎಳೆದರೆ ಪ್ರಮೀಳಕ್ಕ ಬಾಯಿ ಮುಚ್ಚಿಕೊಂಡು ಕಂಬದ ಹಾಗೆ ನಿಂತುಬಿಡುವುದು. ಅದು ತಿರುಗಿ ನೋಡಿ, ಚೈನು ಸಡಿಲ ಆದರೆ ಮಾತ್ರ ಮುಂದಕ್ಕೆ.

ಬೇಗ ಆಗುವ ಕೆಲಸವೇ ಅಲ್ಲ ಅದು... ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ತನಕ ಹೋಗುವಷ್ಟರಲ್ಲಿ ನಮ್ಮನೆ ಕುಕ್ಕರ್ ಕೂಗಿ ತಣ್ಣಗಾಗಿರುತ್ತಿತ್ತು. ನೋಡುವ ನನಗೇ ರೇಗುತ್ತಿತ್ತು, ಹಿಡಿದವರ ಪಾಡು ಕೇಳಬೇಕೇ?

ಆದರೆ ಆ ಆಮೆ ನಡಿಗೆಗೆ ಒಬ್ಬರು ಜೊತೆಯಾದರು. ಎರಡು ಹೆಜ್ಜೆ ನಡೆದು ನಿಲ್ಲಬೇಕಾಗಿದ್ದ ಮೇಷ್ಟ್ರು... ಈಗ ಅವರಿಗಾಗಿ ಯಾರೂ ಕಾಯುತ್ತಿರಲಿಲ್ಲವಲ್ಲ. ಎಲ್ಲರೂ ಪಿಂಟುಗಾಗಿ ಕಾಯುತ್ತಿದ್ದರು.

ಮೊನ್ನೆ ಮೊದಲ ಸಲ ಚೈನು ಮೇಷ್ಟ್ರ ಎಡಗೈಯಲ್ಲಿತ್ತು. ಪಿಂಟು ಪಕ್ಕದಲ್ಲೇ ನಡೆಯುತ್ತಿತ್ತು. ಪ್ರಮೀಳಕ್ಕ ಹಿಂದೆ.

ತಿರುವಿನಲ್ಲಿ ಮೇಷ್ಟ್ರು ಕಾಲಿಗೆ ಕಲ್ಲು ತಾಗಿ ವಾಲಿದರು. ಪ್ರಮೀಳಕ್ಕ ಬಾಯಿ ತೆರೆದವರು... ಸೆರಗು ಕಚ್ಚಿಕೊಂಡು ಸುಮ್ಮನೆ ನಿಂತರು.

ಮೇಷ್ಟ್ರು ತಾವೇ ಸರಿಯಾಗಿ ನಿಂತರು. ತಿರುಗಿ ನೋಡಿದರೆ ಹೆಂಡತಿಯ ಕಣ್ಣಲ್ಲಿ ನೀರು.

"ಯಾಕಮ್ಮಿ ನಿಂತ್ಬುಟ್ಟೆ? ಬಾ, ಹೋಗವ."

*

ಅಕ್ಕರೆಯಿಂದ ಆಡಿದ ಮಾತು ಅಕ್ಕರೆಯಾಗಿಯೇ ತಲುಪಿತಾ ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಬೇಕು.

ನಿಮ್ಮ ಮನೆಯಲ್ಲಿ ನೀವು ದಿನಾ ಹೇಳುವ ಆ ಒಂದು ಮಾತು... ಕೇಳುವವರ ಕಿವಿಗೆ ಏನಾಗಿ ಬೀಳುತ್ತಿದೆ?