ಇಡೀ ಕುಂಬಳಕಾಯಿ

ಪರೀಕ್ಷೆಯ ಚೀಟಿ ಬಿಡಿಸಿದಾಗ ಉಮಾಮಹೇಶ್ವರಿಗೆ ಬಂದದ್ದು ‘ಪಂಪ್ಕಿನ್ ಪೈ, ಅಮೆರಿಕ’. ಅದರಲ್ಲೇನೂ ತೊಂದರೆ ಇರಲಿಲ್ಲ. ಆರು ತಿಂಗಳಿಂದ ಗುಬ್ಬಿಯಿಂದ ಬಸ್ಸು ಹಿಡಿದು ತುಮಕೂರಿನ ಈ ಸಂಜೆ ತರಗತಿಗೆ ಬಂದು, ದೇಶದೇಶದ ಅಡುಗೆಗಳನ್ನು ನೋಟ್‌ಬುಕ್ಕಿನಲ್ಲಿ ಎರಡೆರಡು ಸಲ ಬರೆದುಕೊಂಡಿದ್ದಳು. ಅಮೆರಿಕದವರು ಸಿಹಿಗುಂಬಳವನ್ನು ಬೇಯಿಸಿ ಅರೆದು, ಹಾಲು, ಮೊಟ್ಟೆ, ಸಕ್ಕರೆ, ಚಕ್ಕೆಪುಡಿ ಬೆರೆಸಿ, ಮೈದಾದ ತಟ್ಟೆಯೊಳಗೆ ತುಂಬಿ ಓವನ್ನಿನಲ್ಲಿಡುತ್ತಾರೆ. ಆಸ್ಟ್ರೇಲಿಯಾದವರು ಅದೇ ಕಾಯಿಯನ್ನು ಉಪ್ಪು ಹಾಕಿ ಸುಟ್ಟು ಊಟಕ್ಕೆ ನೆಂಚಿಕೊಳ್ಳುತ್ತಾರೆ. ಪೈ ಎಂದರೆ ಅವರಿಗೆ ಹೆಚ್ಚಾಗಿ ಮಾಂಸದ್ದು. ಎಲ್ಲವೂ ಬಾಯಿಪಾಠವಾಗಿತ್ತು. ತೊಂದರೆ ಇದ್ದದ್ದು ಮೇಜಿನ ಮೇಲೆ. ಕುಂಬಳಕಾಯಿಯನ್ನು ಇಡಿಯಾಗಿ ಇಟ್ಟಿದ್ದರು.

ಇಡೀ ಕುಂಬಳಕಾಯಿಗೆ ಹೆಂಗಸು ಮೊದಲ ಏಟು ಹಾಕಬಾರದು. ಅದು ಮನೆಯ ಹಿರಿಮಗ ಇದ್ದ ಹಾಗೆ, ಏಟು ಅವನಿಗೇ ತಗಲುತ್ತದೆ ಎನ್ನುತ್ತಾರೆ. ಮನೆಯಲ್ಲಾದರೆ ಗಂಡ ರಂಗನಾಥ್ ಬಂದು ಎರಡು ಹೋಳು ಮಾಡಿಕೊಟ್ಟು ಹೋಗುತ್ತಿದ್ದ, ಉಳಿದದ್ದು ಅವಳದು. ಇದೆಲ್ಲ ಮೂಢನಂಬಿಕೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಈ ಪರೀಕ್ಷೆ ಪಾಸಾದರೆ ಕುಣಿಗಲ್ಲಿನ ಒಂದು ಹಾಸ್ಟೆಲಿನಲ್ಲಿ ಮುಖ್ಯ ಅಡುಗೆಯವಳ ಕೆಲಸ ಕಾದಿತ್ತು. ಸರ್ಟಿಫಿಕೇಟು ತಂದರೆ ಸೋಮವಾರವೇ ಸೇರಿಕೊಳ್ಳಿ ಎಂದಿದ್ದರು. ಅದನ್ನು ನೆನೆದು ಚಾಕು ಎತ್ತಿದಳು. ಹಿರಿಮಗ ರವಿಕಿರಣ್ ಈಗ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಪ್ರೆಸ್ ಮೆಷಿನ್ನಿನೊಳಗೆ ಕೈ ಹಾಕಿ ತಗಡು ಇಟ್ಟು ತೆಗೆಯುವ ಕೆಲಸ. ಅವನ ಕೈ ನೆನಪಾದ ಮೇಲೆ ಇವಳ ಕೈ ಇಳಿಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಪರೀಕ್ಷಕ ಅಂಜನ್‌ಕುಮಾರ್ ಮೇಜುಗಳ ನಡುವೆ ಓಡಾಡುತ್ತಿದ್ದರು. ಆ ಕೋಣೆಯಲ್ಲಿದ್ದ ಒಬ್ಬರೇ ಗಂಡಸು ಅವರು.

“ಸಾರ್, ಒಂದೇಟು ಹಾಕ್ಕೊಡಿ. ಮಿಕ್ಕಿದ್ದು ನಾನ್ ಮಾಡ್ಕೋತೀನಿ.”

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನಾನು ಮುಟ್ಟಂಗಿಲ್ಲ ಮೇಡಂ, ರೂಲ್ಸು. ಅಮೆರಿಕದಲ್ಲಿ ಹೆಂಗಸ್ರೇ ಕುಯ್ತಾರೆ, ಏನೂ ಆಗಲ್ಲ.”

“ಅಡುಗೆ ಅಮೆರಿಕದ್ದು ಸಾರ್. ಮಗ ಗುಬ್ಬಿಯವನು.”

ಪಕ್ಕದ ಮೇಜಿನಲ್ಲಿ ನೂಡಲ್ಸ್ ಬೇಯಿಸುತ್ತಿದ್ದ ವನಜಮ್ಮ ನಕ್ಕರು. ಗಂಡನ್ನ ಬ್ಯಾಗಲ್ಲಿ ಹಾಕ್ಕೊಂಡು ಬರಬಾರದಿತ್ತೇನೇ ಎಂದು ಛೇಡಿಸಿದರು. ನೀವಾದರೂ ಕುಯ್ದುಕೊಡಿ, ನಿಮಗಿರುವುದು ಮೂರೂ ಹೆಣ್ಣುಮಕ್ಕಳಲ್ಲವೇ ಎಂದು ಉಮಾಮಹೇಶ್ವರಿ ಕೇಳಿದ್ದೇ ತಡ, ನಗು ನಿಂತಿತು. ಪಕ್ಕದವರ ಮಗನ ವಿಷಯ ತನಗೆ ಬೇಡವೆಂದು ಅವರು ಒಲೆಯ ಕಡೆ ತಿರುಗಿಕೊಂಡರು. ಕೆಳಗೆ ಹೋಗಿ ಯಾರಿಂದಲಾದರೂ ಕುಯ್ಯಿಸಿಕೊಂಡು ಬರಬಹುದೇ ಎಂದು ಕೇಳಿದರೆ, ಹೋಗಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ ಎಂದರು ಅಂಜನ್‌ಕುಮಾರ್.

ಐದು ಕೇಜಿಯ ಕಾಯಿಯನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಎರಡು ಮಹಡಿ ಇಳಿದಳು. ಎಳನೀರು ಮಾರುವ ಚಿಕ್ಕಬೀರಯ್ಯನ ಮುಂದೆ ಆರು ಜನ ನಿಂತಿದ್ದರು. ಅವರದೆಲ್ಲ ಮುಗಿದ ಮೇಲೆ ಆತ ಮಚ್ಚು ಒರೆಸಿ, ಪೂರ್ವ ಯಾವ ಕಡೆ ಎಂದು ನೋಡಿಕೊಂಡು, ಚಪ್ಪಲಿ ಬಿಟ್ಟ. ಹುಳಿಗೋ ಪಲ್ಯಕ್ಕೋ ಎಂದು ಕೇಳಿದ. ಸಿಹಿಗೆ ಎಂದಳು. ಸಿಹಿ ಮಾಡುವುದಾದರೆ ಬೂದುಗುಂಬಳ ತರಬೇಕಿತ್ತು, ಇದರಲ್ಲಿ ಯಾರು ಮಾಡುತ್ತಾರೆ ಎಂದು ಎತ್ತಿದ ಮಚ್ಚನ್ನು ಹಾಗೇ ಹಿಡಿದು ನಿಂತ.

“ಅಮೆರಿಕದೋರು ಮಾಡ್ತಾರೆ. ಹಾಕಣ್ಣ, ಟೈಮಾಗೋಯ್ತು.”

“ಅವ್ರಿಗೆ ಹೇಳೋರು ಯಾರೂ ಇಲ್ವೇನವ್ವ?” ಎಂದು ಚಿಕ್ಕಬೀರಯ್ಯ ಒಂದೇ ಏಟಿಗೆ ಎರಡು ಹೋಳು ಮಾಡಿದ.

ಅವಳು ಮೇಲೆ ಬರುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ಬೀಜ ಕೆರೆದು, ದಪ್ಪ ಸಿಪ್ಪೆಯನ್ನು ಉದ್ದುದ್ದಕ್ಕೆ ಎತ್ತಿ, ಅಳತೆಯಿಟ್ಟಂತೆ ಒಂದೇ ಸಮ ಹೋಳು ಮಾಡಿದ ವೇಗಕ್ಕೆ ವನಜಮ್ಮನೇ ಕೈಕೆಲಸ ಬಿಟ್ಟು ನೋಡಿದರು. ಏನು ಮಾಡಿದರೇನು, ಓವನ್ನಿಗೆ ಅವಸರವಿಲ್ಲ. ಏಳು ಗಂಟೆಗೆ ಬೆಲ್ಲು ಹೊಡೆದಾಗ ಪೈಯ ಅಂಚು ಹೊಂಬಣ್ಣಕ್ಕೆ ಬಂದಿತ್ತು, ನಡುಭಾಗ ಇನ್ನೂ ತುಳುಕುತ್ತಿತ್ತು.

ಅಂಜನ್‌ಕುಮಾರ್ ಅಂಚಿನಿಂದ ಒಂದು ಚಮಚ ತಿಂದರು. ಇನ್ನೊಂದು ತಿಂದರು. ರುಚಿಗೆ ಪೂರ್ತಿ ಅಂಕ ಬರೆದರು. ಬೇಯದ ಅಡುಗೆಯನ್ನು ಪಾಸು ಮಾಡಲು ಬರುವುದಿಲ್ಲ ಎಂದು ಹೇಳಿ ಪೆನ್ನು ಹಿಡಿದುಕೊಂಡೇ ಕೂತರು. ಉಳಿದವರೆಲ್ಲ ಪಾತ್ರೆ ತೊಳೆಯಲು ಹೋದ ಮೇಲೆ ದನಿ ತಗ್ಗಿಸಿದರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ನಮ್ಮನೆಯವ್ರಿಗೆ ಏಳು ತಿಂಗಳು. ನಾನೀಗ ತೆಂಗಿನಕಾಯೂ ಒಡೀತಿಲ್ಲ, ಕುಂಬಳಕಾಯಿನೂ ಕುಯ್ಯಂಗಿಲ್ಲ.”

ಉಮಾಮಹೇಶ್ವರಿ ಅವರನ್ನೇ ನೋಡಿದಳು. “ಹಂಗಾದ್ರೆ ಅದನ್ನೇ ಬರೀರಿ ಸಾರ್. ಇಬ್ರದೂ ಬರೀರಿ.”

“ಅದಕ್ಕೆ ಜಾಗ ಇಲ್ಲ ಮೇಡಂ. ಫೇಲ್ ಆದೋರಿಗೆ ಮೂರೇ ಕಾರಣ ಪ್ರಿಂಟ್ ಮಾಡವ್ರೆ. ಒಂದಕ್ಕೆ ಟಿಕ್ ಹಾಕ್ಲೇಬೇಕು. ನೀವೇ ಹೇಳಿ, ಯಾವ್ದಕ್ಕೆ ಹಾಕ್ಲಿ?”

ಹಾಳೆಯನ್ನು ಅವಳ ಕಡೆ ತಿರುಗಿಸಿದರು. ವಿಧಾನ ತಿಳಿದಿಲ್ಲ ಎಂಬುದು ಮೊದಲನೆಯದು; ಅದು ಸುಳ್ಳು. ಶುಚಿತ್ವ ಇಲ್ಲ ಎಂಬುದು ಎರಡನೆಯದು. ಅದನ್ನು ಹಾಸ್ಟೆಲಿನವರು ನೋಡಿದರೆ ಮತ್ತೆಂದೂ ಕರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಎರಡು ಮೆಸ್ಸುಗಳಿಗೆ ತರಕಾರಿ ಹೆಚ್ಚಿದ ಉಮಾಮಹೇಶ್ವರಿ, ಹಳದಿ ಹತ್ತಿದ ಬೆರಳನ್ನು ತಾನಾಗಿಯೇ ಮೂರನೆಯದರ ಮೇಲಿಟ್ಟಳು: ‘ಚಾಕು ಹಿಡಿಯಲು ಬರುವುದಿಲ್ಲ.’